ಐದು ಹಸುವಿನ ಕೊಟ್ಟಿಗೆಯಲ್ಲಿ ಹೊತ್ತು ಎಲ್ಲಿ ಹೋಗುತ್ತದೆ?

ಹಾಲು ಒಕ್ಕೂಟದ ವಿಸ್ತರಣಾ ಕೆಲಸಕ್ಕಾಗಿ ನಾನು ಕೋಲಾರದ ಕಡೆಯ ಹಳ್ಳಿಗಳನ್ನು ಸುತ್ತುತ್ತೇನೆ. ಹಸುವಿಗೆ ಸಾಲ ಬೇಕೆಂದು ಬರುವವರ ಲೆಕ್ಕದಲ್ಲಿ ಹಿಂಡಿ, ಬೂಸಾ, ಔಷಧಿ, ವಿಮೆ ಎಲ್ಲ ಇರುತ್ತದೆ. ದುಡಿಯುವ ಹೊತ್ತು ಮಾತ್ರ ಇರುವುದಿಲ್ಲ. ‘ಮನೆಯವರೇ ನೋಡ್ಕೊಳ್ತಾರೆ ಸಾರ್’ ಅಂದರೆ ಮುಗೀತು. ಆ ಮನೆಯವರು ಬಹುಪಾಲು ಹೆಂಗಸರು. ಅದಕ್ಕೇ ಈಗ ಅವರ ಜೊತೆ ಕೂತು, ಬೆಳಗಿನಿಂದ ಕತ್ತಲಾಗುವವರೆಗಿನ ಒಂದೊಂದು ಕೆಲಸಕ್ಕೂ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಬರೆದುಕೊಳ್ಳುತ್ತೇನೆ.

ಹಾಲು ಕರೆಯುವುದೇ ದೊಡ್ಡ ಕೆಲಸ ಅಂತ ಸಾಮಾನ್ಯವಾಗಿ ಎಲ್ಲರೂ ಹೇಳುತ್ತಾರೆ. ಬರೆದು ನೋಡಿದರೆ ಹಾಗಿಲ್ಲ. ಕೆಚ್ಚಲು ತೊಳೆದು, ಒರೆಸಿ, ಕೈಯಲ್ಲಿ ಕರೆದು ಮುಗಿಸಲು ಒಂದು ಹಸುವಿಗೆ ಸುಮಾರು 10 ನಿಮಿಷ. 5 ಸೀಮೆ ಹಸುವಿಗೆ ಎರಡು ಹೊತ್ತೂ ಸೇರಿ ಒಂದೂಮುಕ್ಕಾಲು ಗಂಟೆ ಆಗಬಹುದು.

ಹುಲ್ಲಿನದು ಇದಕ್ಕಿಂತ ಜಾಸ್ತಿ. ಒಂದು ಹಸುವಿಗೆ ದಿನಕ್ಕೆ 30 ಕಿಲೋ ಹಸಿ ಮೇವು ಅಂದರೂ ಐದಕ್ಕೆ 150 ಕಿಲೋ. ಅದನ್ನು ಕೊಯ್ದು, ಹೊರೆ ಕಟ್ಟಿ, ತಲೆ ಮೇಲೆ ಹೊತ್ತು ತಂದು, ಕತ್ತರಿಸಿ ಗೋದಲಿಗೆ ಹಾಕಬೇಕು. ಹೊಲ ದೂರವಿದ್ದರೆ ಎರಡೂವರೆ ಗಂಟೆ ಸುಮ್ನೆ ಹೋಗುತ್ತದೆ. ನೀರೂ ಹಾಗೆಯೇ. ಒಂದೊಂದು ಹಸು ದಿನಕ್ಕೆ 60–70 ಲೀಟರ್ ಕುಡಿಯುತ್ತದೆ. 15 ಲೀಟರಿನ ಬಕೆಟ್ಟಿನಲ್ಲಿ ಎತ್ತಿ ಕೊಟ್ಟರೆ 20ಕ್ಕೂ ಹೆಚ್ಚು ಬಕೆಟ್ ಆಯಿತು. ದಿನಕ್ಕೆ ಹತ್ತಿರ ಹತ್ತಿರ 100 ಕಿಲೋ ಸಗಣಿ ಬಾಚಿ ತಿಪ್ಪೆಗೆ ಹಾಕಬೇಕು. ಕೊಟ್ಟಿಗೆ ತೊಳೆಯಬೇಕು, ಡೇರಿಗೆ ಎರಡು ಸಲ ಹೋಗಿಬರಬೇಕು. ಎಲ್ಲ ಕೂಡಿದರೆ 7–8 ಗಂಟೆ, ಒಬ್ಬರ ಪೂರ್ತಿ ದಿನದ ಕೂಲಿ.

ಆದರೆ ಈ 8 ಗಂಟೆ ಒಟ್ಟಿಗೆ ಬರುವುದಿಲ್ಲ. ಬೆಳಿಗ್ಗೆ 5ಕ್ಕೆ ಶುರುವಾಗಿ ರಾತ್ರಿ 7ರವರೆಗೆ ಚೂರು ಚೂರಾಗಿ ಹರಡಿಕೊಂಡಿರುತ್ತದೆ. ಡೇರಿ ಬಾಗಿಲು ತೆರೆಯುವ ಹೊತ್ತಿಗೆ ಹಾಲು ಅಲ್ಲಿರಲೇಬೇಕು. ಆಳು ನಿಲ್ಲುವುದಿಲ್ಲ ಅಂತ ದೂರುವವರು ಇದನ್ನು ಗಮನಿಸಬೇಕು. ಒಂದು ದಿನದ ಕೂಲಿ ಕೊಟ್ಟು ದಿನದ ಎರಡು ತುದಿಯನ್ನೂ ಕೇಳಿದರೆ ಯಾರು ನಿಲ್ಲುತ್ತಾರೆ? ಮನೆಯ ಹೆಣ್ಣುಮಗಳು ಹಬ್ಬಕ್ಕೆ ತವರಿಗೆ ಹೋಗಿ ಒಂದು ರಾತ್ರಿ ಉಳಿಯಲಾಗದೆ ಇರುವುದೂ ಇದರಿಂದಲೇ. ನನಗೆ ಇದು ನಿಜಕ್ಕೂ ಸಂಕಟದ ವಿಷಯ.

ಹೊತ್ತು ಉಳಿಸಬೇಕು ಅಂದ ಕೂಡಲೇ ಹಾಲು ಕರೆಯುವ ಮಷೀನಿನ ಮಾತು ಬರುತ್ತದೆ. ನಾಲ್ಕೈದು ಹಸುವಿಗೆ ಅದರಿಂದ ಉಳಿಯುವ ಹೊತ್ತಿನಲ್ಲಿ ಒಂದು ಪಾಲು ಪ್ರತಿ ಸಲ ಅದನ್ನು ತೊಳೆಯುವುದಕ್ಕೇ ಹೋಗುತ್ತದೆ. ಕೈ ನೋವಿದ್ದವರಿಗೆ ಅದು ಬೇಕು, ಬೇಡ ಅನ್ನುವುದಿಲ್ಲ. ಆದರೆ ನಾನು ಮೊದಲು ಹೇಳುವುದು ನೀರಿನ ತೊಟ್ಟಿ. ಪೈಪು ಎಳೆದು, ಬಾಲ್ ವಾಲ್ವ್ ಹಾಕಿ, ಹಸುವಿನ ಮುಂದೆ ಸದಾ ನೀರು ಇರುವ ಹಾಗೆ ಮಾಡಿ. ಬಕೆಟ್ ಹೊರುವ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಬೇಕೆಂದಾಗ ಕುಡಿದ ಹಸು ಹಾಲನ್ನೂ ಚೆನ್ನಾಗಿ ಕೊಡುತ್ತದೆ. ಆಮೇಲೆ ನೇಪಿಯರ್ ಹುಲ್ಲನ್ನು ಕೊಟ್ಟಿಗೆಯ ಹತ್ತಿರಕ್ಕೆ ತನ್ನಿ, ಗಂಜಲ ತಾನೇ ಹರಿದುಹೋಗುವಷ್ಟು ನೆಲಕ್ಕೆ ಇಳಿಜಾರು ಕೊಡಿ. ಜೋಳ ಕಾಳು ಹಾಲುಗಟ್ಟಿದ ಹಂತ ದಾಟಿದಾಗ ಕತ್ತರಿಸಿ, ಗಾಳಿಯಾಡದ ಹಾಗೆ ಒತ್ತಿ ಮುಚ್ಚಿ ರಸಮೇವು (ಸೈಲೇಜ್) ಮಾಡಿಟ್ಟರೆ ದಿನಾ ಕೊಯ್ಯುವುದೂ ತಪ್ಪುತ್ತದೆ. ಜಾಗ ಇದ್ದವರಿಗೆ ಹಸುಗಳನ್ನು ಕಟ್ಟದೆ ಬೇಲಿಯೊಳಗೆ ಓಡಾಡಲು ಬಿಡುವ ಕೊಟ್ಟಿಗೆ ಇನ್ನೂ ಒಳ್ಳೆಯದು. ಕಟ್ಟುವುದು, ಬಿಚ್ಚುವುದು, ಮೈ ತೊಳೆಯುವುದು ಎಲ್ಲ ಕಡಿಮೆ.

ಕೆಚ್ಚಲಿನ ಹತ್ತಿರ ಮಾತ್ರ ಒಂದು ನಿಮಿಷವನ್ನೂ ಉಳಿಸಬೇಡಿ. ತೊಳೆದ ಮೇಲೆ ಹಸು ಸೊರೆ ಬಿಟ್ಟಿತು, ಅಂದರೆ ಹಾಲು ತೊಟ್ಟಿಗೆ ಇಳಿಯಿತು ಅಂದರೆ, 5–7 ನಿಮಿಷದೊಳಗೆ ಕರೆದು ಮುಗಿಸಬೇಕು. ನಡುವೆ ಎದ್ದು ಬೇರೆ ಕೆಲಸಕ್ಕೆ ಹೋದರೆ ಹಾಲು ಒಳಗೇ ಉಳಿಯುತ್ತದೆ. ಕರೆದಾದ ಮೇಲೆ ಮೊಲೆತೊಟ್ಟಿನ ತೂತು ಮುಚ್ಚಿಕೊಳ್ಳಲು ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ಹಸು ಮಲಗಬಾರದು, ಅದಕ್ಕೇ ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಮುಂದೆ ಮೇವು ಹಾಕಿ. ಅವಸರದಲ್ಲಿ ಇದನ್ನು ಬಿಟ್ಟರೆ ಕೆಚ್ಚಲು ಬಾವು. ಉಳಿಸಿದ ಹೊತ್ತೆಲ್ಲ ಡಾಕ್ಟರ ಹಿಂದೆ ಓಡಾಡುವುದಕ್ಕೇ ಹೋಗುತ್ತದೆ ಅಲ್ವಾ?

ಇನ್ನೊಂದು ಕೆಲಸ ಯಾರ ಕಣ್ಣಿಗೂ ಕೆಲಸದ ಹಾಗೆ ಕಾಣುವುದಿಲ್ಲ. ಬೆಳಿಗ್ಗೆ ಮತ್ತು ರಾತ್ರಿ 15–20 ನಿಮಿಷ ಸುಮ್ಮನೆ ನಿಂತು ಹಸುಗಳನ್ನು ನೋಡುವುದು. ನೀರು, ಹುಲ್ಲಿನಲ್ಲಿ ಉಳಿದ ಹೊತ್ತನ್ನು ಇಲ್ಲಿಗೆ ಹಾಕಿ ಅಂತ ನಾನು ಹೇಳುತ್ತೇನೆ. ಹಸು ಬೆದೆಗೆ ಬಂದಿದೆಯೇ, ಅಂದರೆ ಗರ್ಭ ಕಟ್ಟಲು ಸಿದ್ಧವಾಗಿದೆಯೇ ಎಂದು ಗೊತ್ತಾಗುವುದು ಹೀಗೆ ನೋಡಿದಾಗಲೇ. ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ತಪ್ಪಿದರೆ ಇನ್ನು ಸುಮಾರು 21 ದಿನ ಕಾಯಬೇಕು. ಅಷ್ಟೂ ದಿನ ಆ ಹಸುವಿಗೆ ಹುಲ್ಲು ಹೊರುವುದಂತೂ ತಪ್ಪುವುದಿಲ್ಲ.