ಕಾಲು ಮನೆಯ ಗಾಳಿ

ಈ ಮನೆಗೆ ಬಂದ ವಾರವೇ ಟೇಪ್ ಹಿಡಿದು ಅಳೆದೆ. 35 ಚದರ ಮೀಟರ್‌ಗೂ ಸ್ವಲ್ಪ ಕಮ್ಮಿ. "ಅಷ್ಟೇನಾ ಮಗಾ?" ಅಂತ ಮಲ್ಪೆಯಿಂದ ಅಮ್ಮ ಫೋನಿನಲ್ಲಿ ಕೇಳಿದರು. ಅಷ್ಟೇ. ಬಾರ್ಸಿಲೋನಾದ ಹಳೆಯ ಮೀನುಗಾರರ ಕೇರಿ ಬಾರ್ಸೆಲೊನೇಟಾ. ಇಲ್ಲಿ ಇಂಥ ಮನೆಯನ್ನು ‘ಕ್ವಾರ್ಟ್ ದೆ ಕಾಜಾ’ ಅನ್ನುತ್ತಾರೆ. ಕಾಲು ಮನೆ ಅಂತ ಅರ್ಥ.

ಯಾವ ಮನೆಯ ಕಾಲು? 1714ರಲ್ಲಿ ಈ ಊರು ಐದನೇ ಫಿಲಿಪ್ ದೊರೆಯ ಸೈನ್ಯಕ್ಕೆ ಸೋತಿತು. ಊರಿನ ಮೇಲೆ ಕಣ್ಣಿಡಲು ದೊರೆ ಕೋಟೆ ಕಟ್ಟಿಸಿದ. ಅದಕ್ಕಾಗಿ ರಿಬೇರಾ ಕೇರಿಯ ಮನೆಗಳನ್ನು ಕೆಡವಿದರು. ಮನೆ ಕಳೆದುಕೊಂಡವರಿಗೆಂದು ಈ ಹೊಸ ಕೇರಿ ಶುರುವಾಗಿದ್ದು 1753ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರೇ ಕಳೆದಿತ್ತು ಅಲ್ವಾ? ಸಿಕ್ಕಿದ ಜಾಗವಾದರೂ ಏನು, ಬಂದರಿನ ತಡೆಗೋಡೆ ಕಟ್ಟಿದ ಮೇಲೆ ಅಲೆಗಳು ತಂದು ಪೇರಿಸಿದ ಮರಳು.

ನಕ್ಷೆ ಹಾಕಿದ್ದು ಹ್ವಾನ್ ಮಾರ್ಟಿನ್ ಸೆರ್ಮೆನ್ಯೊ ಎಂಬ ಸೈನ್ಯದ ಇಂಜಿನಿಯರ್. ಬೀದಿಗಳೆಲ್ಲ ಗೆರೆ ಎಳೆದ ಹಾಗೆ ನೇರ. ಪ್ರತಿ ಮನೆ 8.4 ಮೀಟರ್ ಉದ್ದ, ಅಷ್ಟೇ ಅಗಲ, ಮೇಲೆ ಒಂದೇ ಮಹಡಿ. ಎತ್ತರಿಸಿದರೆ ಕೋಟೆಯ ಫಿರಂಗಿಗೆ ಅಡ್ಡ ಬರುತ್ತದಲ್ಲ! ಆದರೆ ಒಂದು ಒಳ್ಳೆಯದಿತ್ತು. ಮನೆಯ ಹಿಂದೆ ಇನ್ನೊಂದು ಮನೆಯಿಲ್ಲ, ಎರಡೂ ಕಡೆ ಬೀದಿ. ನಮ್ಮೂರ ಮನೆಗಳಲ್ಲಿ ಮುಂಬಾಗಿಲಿಂದ ಹಿಂಬಾಗಿಲಿಗೆ ಕಡಲ ಗಾಳಿ ಓಡುತ್ತದಲ್ಲ, ಹಾಗೆ. ಸಾಂತ್ ಕಾರ್ಲೆಸ್ ಬೀದಿಯಲ್ಲಿ 1761ರ ಒಂದು ಮನೆ ಇನ್ನೂ ಹಾಗೇ ಉಳಿದಿದೆ. ಅದರ ಮುಂದೆ ಸುಮ್ನೆ ನಿಂತುಬಿಡುತ್ತೇನೆ.

ಆಮೇಲೆ ಜನ ಜಾಸ್ತಿಯಾದರು. 1838ರಿಂದ ಮಹಡಿ ಏರಿಸಲು ಒಪ್ಪಿಗೆ ಸಿಕ್ಕಿತು. ಮನೆ ಅರ್ಧವಾಯಿತು, ಅರ್ಧ ಕಾಲಾಯಿತು. ನನ್ನ ಪಾಲಿಗೆ ಒಂದೇ ಬೀದಿಯ ಕಿಟಕಿ. ಗಾಳಿ ಬಂದರೂ ಆಚೆ ಹೋಗಲು ದಾರಿಯಿಲ್ಲ.

ಈಗ ಇಂಥ ಮನೆಗಳೇ ಪ್ರವಾಸಿಗರಿಗೆ ದಿನಬಾಡಿಗೆಗೆ ಹೋಗುತ್ತಿವೆ. 2014ರಲ್ಲಿ ಕೇರಿಯವರು ಇದರ ವಿರುದ್ಧ ಬೀದಿಗಿಳಿದಿದ್ದರು. ಅವರ ಸಿಟ್ಟು ನ್ಯಾಯವಾದದ್ದು. ಇಲ್ಲೇ ಹುಟ್ಟಿ ಬೆಳೆದವರು ಬಾಡಿಗೆ ಕಟ್ಟಲಾಗದೆ ಹೋದರೆ ಇದು ಯಾರ ಕೇರಿ?

ನಮ್ಮ ಮೆಟ್ಟಿಲಿನ ಆಚೆ, ಎದುರಿನ ಕಾಲು ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಅವರ ಕಿಟಕಿ ಆಚೆ ಬೀದಿಗೆ. ಜುಲೈನ ಒಂದು ಸಂಜೆ, ಸೆಕೆ ತಡೆಯಲಾಗದೆ ಕೂತಿದ್ದೆ. ಅಜ್ಜಿ ಬಂದು ಬಾಗಿಲು ಬಡಿದರು. ತೆರೆದೇ ಇಡು ಅಂತ ಕೈಸನ್ನೆ ಮಾಡಿ, ತಮ್ಮ ಬಾಗಿಲಿಗೂ ಕುರ್ಚಿ ಅಡ್ಡ ಇಟ್ಟರು. ನನ್ನ ಕಿಟಕಿಯ ಪರದೆ ಪಟಪಟ ಅಂದಿತು. ಅವರ ಅಡುಗೆಮನೆಯಿಂದ ಮೆಟ್ಟಿಲು ದಾಟಿ ಪರಿಮಳ ಬಂತು. ತಕ್ಷಣ ಅಮ್ಮನಿಗೆ ಫೋನ್ ಮಾಡಿದೆ. ಅಜ್ಜಿ ಬೂತಾಯಿ ಮೀನು ಹುರಿಯುತ್ತಿದ್ದರು.