ಖಾಲಿ ಪ್ಲೇಟ್

ಎರಡು ದಿನ ಕಾದು ಇನ್‌ಕ್ಯುಬೇಟರ್ ಬಾಗಿಲು ತೆಗೆದಾಗ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟುಗಳು ಖಾಲಿ ಇದ್ದವು. ಒಂದೇ ಒಂದು ಕಾಲೊನಿ, ಅಂದರೆ ಬ್ಯಾಕ್ಟೀರಿಯಾ ಗುಂಪಾಗಿ ಬೆಳೆದ ಚುಕ್ಕೆ, ಇಲ್ಲ. ಪ್ಲಾಸ್ಮಾ ಕೊಡದ ನೀರನ್ನು ಹರಡಿದ್ದ ಪ್ಲೇಟಿನಲ್ಲಿ ಮಾತ್ರ ರಾಲ್ಸ್ಟೋನಿಯಾ ಅನ್ನುವ ಬ್ಯಾಕ್ಟೀರಿಯಾ ದಟ್ಟವಾಗಿ ಬೆಳೆದಿತ್ತು, ನಡುವೆ ಗುಲಾಬಿ ಬಣ್ಣ, ಸುತ್ತ ಬಿಳಿ ಲೋಳೆ. ಖುಷಿಯಿಂದ ಕೈ ನಡುಗುತ್ತಿತ್ತು ನನಗೆ.

ಈ ಬ್ಯಾಕ್ಟೀರಿಯಾ ಟೊಮೆಟೊಗೆ ದುಂಡಾಣು ಸೊರಗು ರೋಗ ತರುತ್ತದೆ. ಬೇರಿನಿಂದ ಒಳಹೊಕ್ಕು, ನೀರು ಹರಿಯುವ ನಾಳಗಳಲ್ಲಿ ಅಂಟು ತುಂಬಿಸುತ್ತದೆ. ಎಲೆ ಇನ್ನೂ ಹಸಿರಾಗಿರುವಾಗಲೇ ಗಿಡ ಜೋತು ಬೀಳುತ್ತದೆ, ಎಷ್ಟು ನೀರು ಕೊಟ್ಟರೂ ಏಳುವುದಿಲ್ಲ. ಮಣ್ಣಿಲ್ಲದೆ ಬೆಳೆಸುವ ಕಡೆ ಇದು ಇನ್ನೂ ಜಾಸ್ತಿ ಕಷ್ಟ, ಯಾಕಂದ್ರೆ ಒಂದೇ ಪೋಷಕ ನೀರು ಎಲ್ಲ ಗಿಡಗಳ ಬೇರನ್ನೂ ಸುತ್ತಿ ಮತ್ತೆ ಟ್ಯಾಂಕಿಗೆ ಬರುತ್ತದೆ, ಒಂದು ಗಿಡಕ್ಕೆ ರೋಗ ಬಂದರೆ ಆ ನೀರೇ ಅದನ್ನು ಉಳಿದವಕ್ಕೆ ಹಂಚುತ್ತದೆ. ಆ ನೀರನ್ನು ಪ್ಲಾಸ್ಮಾದಿಂದ ಶುದ್ಧ ಮಾಡಲು ಆಗುತ್ತದಾ ಅಂತ ನೋಡುವುದು ನನ್ನ ಕೆಲಸವಾಗಿತ್ತು.

ಗಾಳಿಗೆ ಕೆಲವು ಸಾವಿರ ವೋಲ್ಟ್ ಕೊಟ್ಟರೆ ಅದರ ಅಣುಗಳಿಂದ ಎಲೆಕ್ಟ್ರಾನ್‌ಗಳು ಕಿತ್ತು ಬರುತ್ತವೆ. ಆ ಸ್ಥಿತಿಯೇ ಪ್ಲಾಸ್ಮಾ. ಮಿಂಚೂ ಅದೇ, ಆದರೆ ಅದು ಸುಡುತ್ತದೆ. ನಾವು ಕರೆಂಟು ಕೊಡುವ ಎರಡು ತುದಿಗಳ ನಡುವೆ ಗಾಜು ಇಟ್ಟು, ಕಿಡಿ ದೊಡ್ಡದಾಗದಂತೆ ತಡೆದು, ತಣ್ಣನೆಯ ಪ್ಲಾಸ್ಮಾ ಮಾಡುತ್ತೇವೆ. 1857ರಲ್ಲಿ ವರ್ನರ್ ಸೀಮೆನ್ಸ್ ಓಝೋನ್ ತಯಾರಿಸಲು ಬಳಸಿದ್ದೂ ಇದೇ ಉಪಾಯ. ನೀರಿನ ತೆಳು ಪದರದ ಮೇಲೆ ನೇರಳೆ ಬೆಳಕು ಸುಯ್ ಅಂತ ಹರಡುತ್ತದೆ. ಗುಡುಗು ಮಳೆ ಬಂದು ನಿಂತ ಮೇಲೆ ಬರುವಂಥ ವಾಸನೆ. ಔಷಧಿ ಏನೂ ಹಾಕಿಲ್ಲ, ಗಾಳಿ ಮತ್ತು ಕರೆಂಟು ಅಷ್ಟೇ. ಅಷ್ಟರಿಂದಲೇ ನೀರಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್, ನೈಟ್ರೈಟ್, ನೈಟ್ರೇಟ್ ಹುಟ್ಟುತ್ತವೆ, ನೀರು ಹುಳಿಯಾಗುತ್ತದೆ, ಬ್ಯಾಕ್ಟೀರಿಯಾದ ಪೊರೆ ಒಡೆಯುತ್ತದೆ. ನನಗೆ ಇದು ಈಗಲೂ ಬೆರಗು.

ಗೈಡ್ ಮೇಡಂಗೆ ಪ್ಲೇಟು ತೋರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಇವು ಸತ್ತಿದ್ದು ಯಾವಾಗಮ್ಮ? ಪ್ಲಾಸ್ಮಾ ಉರಿಯುತ್ತಿದ್ದಾಗಲೋ, ಆಮೇಲೆ ನೀನು ಟ್ಯೂಬಿನಲ್ಲಿ ಇಟ್ಟಿದ್ದಾಗಲೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ವಿಚ್ ಆರಿಸಿದರೂ ನೀರಿನಲ್ಲಿ ಉಳಿದ ಪೆರಾಕ್ಸೈಡ್ ಮತ್ತು ನೈಟ್ರೈಟ್, ಆ ಹುಳಿಯಲ್ಲಿ ಕೊಲ್ಲುತ್ತಲೇ ಇರುತ್ತವೆ. ಪ್ಲೇಟಿಗೆ ಹಾಕುವ ಮುಂಚೆ ಅದನ್ನು ನಿಲ್ಲಿಸಬೇಕಿತ್ತು. ಎರಡನೇ ಸಲ ಬಫರ್ ಹಾಕಿ ಹುಳಿ ಇಳಿಸಿದೆ, ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಮುರಿಯುವ ಕೆಟಲೇಸ್ ಕಿಣ್ವ ಸೇರಿಸಿದೆ. ಕಾಲೊನಿಗಳು ಬಂದವು. ಕಡಿಮೆಯೇ, ಆದರೆ ಬಂದವು.

ಅಲ್ಲಿಯವರೆಗೆ ಎಲ್ಲ ಡಿಸ್ಟಿಲ್ಡ್ ನೀರಿನಲ್ಲಿ ಮಾಡಿದ್ದು. ಗಿಡ ಕುಡಿಯುವುದು ಅದನ್ನಲ್ಲ ಅಲ್ವಾ? ಪೋಷಕ ನೀರಿನಲ್ಲಿ ಮಾಡಿದ ದಿನ ಫಲಿತಾಂಶ ಪೂರ್ತಿ ಬದಲಾಯಿತು. ಅದರಲ್ಲಿರುವ ಬೈಕಾರ್ಬೊನೇಟ್ ನೀರನ್ನು ಹುಳಿಯಾಗಲು ಬಿಡುವುದಿಲ್ಲ. ಬೇರಿನಿಂದ ಉದುರಿದ ಸಾವಯವ ಕಸ, ಗಿಡಕ್ಕೆ ಸಿಗುವಂತೆ ಕಬ್ಬಿಣವನ್ನು ಹಿಡಿದಿಡುವ ಕೀಲೇಟ್, ಇವೆಲ್ಲ ಪ್ಲಾಸ್ಮಾ ಹುಟ್ಟಿಸಿದ್ದನ್ನು ಬ್ಯಾಕ್ಟೀರಿಯಾಗೆ ತಲುಪುವ ಮುಂಚೆಯೇ ತಿಂದುಬಿಡುತ್ತವೆ. ಮೊದಲಿನಷ್ಟೇ ಹತ್ತು ನಿಮಿಷ ಪ್ಲಾಸ್ಮಾ ಕೊಟ್ಟರೂ ಪ್ಲೇಟು ತುಂಬಾ ಕಾಲೊನಿ. ಸಮಯ ಹೆಚ್ಚಿಸಿದೆ, ಮತ್ತೂ ಹೆಚ್ಚಿಸಿದೆ. ಹೀಗೇ ಸುಮ್ನೆ ಹೆಚ್ಚಿಸುತ್ತಾ ಹೋಗಲೂ ಆಗದು, ನೈಟ್ರೇಟ್ ಗಿಡಕ್ಕೆ ಊಟ, ನೈಟ್ರೈಟ್ ಜಾಸ್ತಿಯಾದರೆ ಬೇರಿಗೇ ಕೆಡುಕು.

ಕೊನೆಗೊಂದು ದಿನ ಪೋಷಕ ನೀರಿನಲ್ಲೂ, ಬಫರ್, ಕೆಟಲೇಸ್ ಸೇರಿಸಿ ಎಲ್ಲ ನಿಲ್ಲಿಸಿ ಹಾಕಿದ ಮೇಲೂ, ಪ್ಲೇಟು ಖಾಲಿ ಬಂತು. ಈ ಸಲ ನಾನು ಓಡಿಹೋಗಿ ತೋರಿಸಲಿಲ್ಲ. ಕೂತು ಲೆಕ್ಕ ಹಾಕಿದೆ. ಪ್ಲೇಟಿಗೆ ಹರಡಿದ್ದು 0.1 ಮಿಲಿಲೀಟರ್. ಅದರಲ್ಲಿ ಒಂದೂ ಇಲ್ಲ ಅಂದರೆ ಮಿಲಿಲೀಟರಿಗೆ ಹತ್ತಕ್ಕಿಂತ ಕಡಿಮೆ ಇರಬಹುದು ಅಂತ ಅರ್ಥ, ಅಷ್ಟೇ. ಲೀಟರಿನಲ್ಲಿ ಸಾವಿರಗಟ್ಟಲೆ ಉಳಿದಿದ್ದರೂ ನನಗೆ ಕಾಣುವುದಿಲ್ಲ. ಇನ್ನೂ ಒಂದಿದೆ. ರಾಲ್ಸ್ಟೋನಿಯಾ ಪೆಟ್ಟು ತಿಂದಾಗ ಜೀವ ಹಿಡಿದುಕೊಂಡೇ ಪ್ಲೇಟಿನಲ್ಲಿ ಬೆಳೆಯದೆ ಉಳಿಯಬಲ್ಲದು, ಗಿಡದ ಬೇರು ಸಿಕ್ಕರೆ ಮತ್ತೆ ಏಳಬಲ್ಲದು.

ಹಾಗಾಗಿ ಗಿಡವನ್ನೇ ಕೇಳಿದೆ. ಅದೇ ನೀರಿನಲ್ಲಿ ಹತ್ತು ಟೊಮೆಟೊ ಸಸಿ ಇಟ್ಟು ದಿನಾ ಎರಡು ಹೊತ್ತು ನೋಡುತ್ತಿದ್ದೆ. ಒಂಬತ್ತನೇ ದಿನ ಒಂದು ಸಸಿಯ ಮೇಲಿನ ಎಲೆ ಬಾಗಿತ್ತು. ಸಂಜೆ ಎದ್ದಿತು. ಮರುದಿನ ಏಳಲಿಲ್ಲ. ಕಾಂಡ ಕತ್ತರಿಸಿ, ತುದಿ ಮಾತ್ರ ಮುಳುಗುವ ಹಾಗೆ ಒಂದು ಲೋಟ ನೀರಿನಲ್ಲಿ ಹಿಡಿದೆ. ಸ್ವಲ್ಪ ಹೊತ್ತಿಗೆ ಹಾಲಿನಂಥ ಬಿಳಿ ಎಳೆಯೊಂದು ಕತ್ತರಿಸಿದ ತುದಿಯಿಂದ ನಿಧಾನಕ್ಕೆ ಕೆಳಗಿಳಿಯಿತು, ನಾಳದೊಳಗಿದ್ದ ರಾಲ್ಸ್ಟೋನಿಯಾ.

ಉಳಿದ ಒಂಬತ್ತು ನೆಟ್ಟಗೆ ನಿಂತಿದ್ದವು. ನೋಟ್‌ಬುಕ್ಕಿನಲ್ಲಿ ಖಾಲಿ ಪ್ಲೇಟಿನ ಸಾಲಿನ ಪಕ್ಕದಲ್ಲೇ ಆ ಒಂದು ಸಸಿಯನ್ನೂ ಬರೆದು, ನೀರಿನ ಪದರ ಇನ್ನೂ ತೆಳ್ಳಗೆ ಮಾಡಿ ಮತ್ತೆ ಶುರು ಮಾಡಿದೆ.