ಐದಡಿ ಐದಿಂಚಿನ ಹುಡುಗನಿಗೆ ಜಾಗ ಎಲ್ಲಿ?

ನನ್ನ ಮಗನ ಹತ್ತಿರ ಅಮೆರಿಕನ್ ಫುಟ್‌ಬಾಲಿನ ಡಲ್ಲಾಸ್ ಕೌಬಾಯ್ಸ್ ತಂಡದ ಒಂದು ಜೆರ್ಸಿ ಇದೆ. ನಂಬರ್ 42, ಬೆನ್ನ ಮೇಲೆ ವಾನ್ ಅಂತ ಹೆಸರು. ಆ ಆಟಗಾರ ಈಗ ಆ ತಂಡದಲ್ಲಿಲ್ಲ. 2025ರ ಸೀಸನ್ ಶುರುವಾಗುವ ಮುಂಚೆಯೇ ತಂಡದವರು ಅವನನ್ನು ಕೈಬಿಟ್ಟರು. ಆದರೂ ಮಗ ವಾರಕ್ಕೆ ಎರಡು ಸಲವಾದರೂ ಅದನ್ನೇ ಹಾಕಿಕೊಳ್ಳುತ್ತಾನೆ. ಕುತ್ತಿಗೆ ಹತ್ತಿರ ಹೊಲಿಗೆ ಬಿಟ್ಟು, ಅವನಮ್ಮ ಎರಡು ಸಲ ಹೊಲಿದು ಕೊಟ್ಟಾಯಿತು. ಮಗನಿಗೆ ಹನ್ನೊಂದು ವರ್ಷ, ಅವನ ಫ್ಲ್ಯಾಗ್ ಫುಟ್‌ಬಾಲ್ (ಕೆಡವುವ ಬದಲು ಸೊಂಟದ ಪಟ್ಟಿ ಕಿತ್ತುಕೊಳ್ಳುವ ಆಟ) ಟೀಮಿನಲ್ಲಿ ಎಲ್ಲರಿಗಿಂತ ಕುಳ್ಳ ಅವನೇ. ಯಾಕೆ ಆ ಜೆರ್ಸಿ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ.

ಡ್ಯೂಸ್ ವಾನ್ ಎತ್ತರ 5 ಅಡಿ 5 ಇಂಚು. ತೂಕ ಸುಮಾರು 81 ಕಿಲೋ. ನಮ್ಮೂರ ಕಡೆ ಬಸ್ಸಿನಲ್ಲಿ ಪಕ್ಕ ನಿಂತರೆ ಸಾಧಾರಣ ಆಳು ಅನ್ನಿಸಬಹುದು. ಆದರೆ ಅಮೆರಿಕನ್ ಫುಟ್‌ಬಾಲಿನಲ್ಲಿ ರನ್ನಿಂಗ್ ಬ್ಯಾಕ್ ಅಂದರೆ ಬಾಲ್ ಎದೆಗೆ ಅವುಚಿಕೊಂಡು ಹನ್ನೊಂದು ಜನರ ನಡುವೆ ನುಗ್ಗಬೇಕು. ಎದುರಿಗೆ ಇರುವವರಲ್ಲಿ ಕೆಲವರು ಆರೂವರೆ ಅಡಿ, 140 ಕಿಲೋ. ಕಬಡ್ಡಿಯಲ್ಲಿ ರೇಡ್ ಹೋದವನನ್ನು ಹಿಡಿಯುವುದನ್ನು ನೋಡಿದ್ದೀರಲ್ಲ, ಅದರ ಮೂರು ಪಟ್ಟು ಜೋರಾಗಿ, ಓಡಿಬಂದು ಗುದ್ದುತ್ತಾರೆ.

ವಾನ್ ಕಥೆ ಶುರುವಾದ ರೀತಿಯೇ ಹಾಗಿತ್ತು, ನೋಡಿದ ಯಾರೂ ಮರೆಯಲ್ಲ. ಅಪ್ಪ ಕ್ರಿಸ್ ವಾನ್ ಕೌಬಾಯ್ಸ್‌ನಲ್ಲೇ ಸ್ಕೌಟ್. ದೇಶವೆಲ್ಲಾ ಸುತ್ತಿ ಕಾಲೇಜು ಹುಡುಗರ ಆಟ ನೋಡಿ, ಯಾರನ್ನು ತೆಗೆದುಕೊಳ್ಳಬಹುದು ಅಂತ ಹೇಳುವುದೇ ಅವರ ಕೆಲಸ. ತಂಡಗಳು ಸರದಿಯ ಮೇಲೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ 2023ರ ಡ್ರಾಫ್ಟ್‌ನಲ್ಲಿ, ಆರನೇ ಸುತ್ತಿನಲ್ಲಿ, 212ನೇ ಆಯ್ಕೆಯಾಗಿ ಅವರ ಮಗನನ್ನೇ ತಂಡ ಆರಿಸಿತು. ಫೋನ್ ಮಾಡಿ ಹೇಳುವ ಕೆಲಸ ಅಪ್ಪನಿಗೇ ಕೊಟ್ಟರು. ಮುಂದಿನ ವಾರ ನನ್ನ ಜೊತೆ ಕೆಲಸಕ್ಕೆ ಬರ್ತೀಯಾ ಅಂತ ಅವರು ಮಗನನ್ನು ಕೇಳಿದ ವಿಡಿಯೋ ಬಂತು. ಅವತ್ತು ನಾನು ಅದನ್ನು ಎಷ್ಟು ಸಲ ನೋಡಿದೆನೋ, ಪ್ರತಿ ಸಲವೂ ಕಣ್ಣು ತುಂಬಿತು.

ಆ ವರ್ಷ ಆಗಸ್ಟ್‌ನಲ್ಲಿ ಜ್ಯಾಕ್ಸನ್‌ವಿಲ್ ಜಾಗ್ವಾರ್ಸ್ ಜೊತೆ ಪ್ರೀಸೀಸನ್ ಪಂದ್ಯ, ಅಂದರೆ ಸೀಸನ್‌ಗೆ ಮುಂಚಿನ ತಾಲೀಮು ಪಂದ್ಯ. ವಾನ್ ಎಂಟು ಸಲ ಬಾಲ್ ತೆಗೆದುಕೊಂಡು 50 ಯಾರ್ಡ್ ಓಡಿದ, ಬಾಲನ್ನು ಎದುರಾಳಿಯ ಕೊನೆ ಗೆರೆ ದಾಟಿಸಿ ಒಂದು ಟಚ್‌ಡೌನ್ ಕೂಡ ಹೊಡೆದ. ಮನೆಯಲ್ಲಿ ಟಿವಿ ಮುಂದೆ ಕುಣಿದಾಡಿದೆವು. ಜೆರ್ಸಿ ತಂದಿದ್ದು ಆಮೇಲೆ.

ಆಮೇಲೆ ಏನಾಯಿತು ಅಂದರೆ, ಹೆಚ್ಚೇನೂ ಆಗಲಿಲ್ಲ. ಎರಡು ಸೀಸನ್ ಸೇರಿಸಿ ಅವನು ಬಾಲ್ ಹಿಡಿದು ಓಡಿದ್ದು ಒಟ್ಟು 40 ಸಲ, ಸಿಕ್ಕಿದ್ದು 110 ಯಾರ್ಡ್. ಅಷ್ಟೇ.

ಈಗ ಯಾರನ್ನು ಕೇಳಿದರೂ ಒಂದೇ ಮಾತು. ಐದಡಿ ಐದಿಂಚು ಅಂದ ಮೇಲೆ ಇನ್ನೇನಾಗುತ್ತೆ, ಮೊದಲೇ ಗೊತ್ತಿತ್ತು. ಈ ಮಾತು ನನಗೆ ಒಪ್ಪಿಗೆಯಿಲ್ಲ. ವಾನ್ ಮೇಲಿನ ಪ್ರೀತಿಗೆ ಹೇಳುತ್ತಿಲ್ಲ. ಅವನು ಓದಿದ ಕ್ಯಾನ್ಸಸ್ ಸ್ಟೇಟ್ ಯೂನಿವರ್ಸಿಟಿಯಿಂದಲೇ, ಅವನಿಗಿಂತ ಹದಿನೆಂಟು ವರ್ಷ ಮುಂಚೆ, ಒಂದೇ ಒಂದು ಇಂಚು ಜಾಸ್ತಿ ಎತ್ತರದ ಇನ್ನೊಬ್ಬ ಹುಡುಗ ಇದೇ ಲೀಗಿಗೆ ಬಂದು ಹದಿನೈದು ವರ್ಷ ಉಳಿದುಕೊಂಡ. ಡ್ಯಾರೆನ್ ಸ್ಪ್ರೋಲ್ಸ್. 5 ಅಡಿ 6 ಇಂಚು, 86 ಕಿಲೋ. 2005ರಲ್ಲಿ ನಾಲ್ಕನೇ ಸುತ್ತಿನಲ್ಲಿ ಸ್ಯಾನ್ ಡಿಯಾಗೊ ಚಾರ್ಜರ್ಸ್ ತೆಗೆದುಕೊಂಡರು.

ಆ ಒಂದು ಇಂಚು ಅವನನ್ನು ಕಾಪಾಡಿತು ಅಂತ ಯಾರಾದರೂ ಹೇಳುತ್ತಾರಾ?

ಸ್ಪ್ರೋಲ್ಸ್ ಬಂದಾಗ ಚಾರ್ಜರ್ಸ್‌ನಲ್ಲಿ ರನ್ನಿಂಗ್ ಬ್ಯಾಕ್ ಜಾಗ ಖಾಲಿ ಇರಲಿಲ್ಲ. ಲಡೇನಿಯನ್ ಟಾಮ್ಲಿನ್‌ಸನ್ ಇದ್ದ, ಆ ಕಾಲದ ದೊಡ್ಡ ಹೆಸರು. ಹಾಗಾಗಿ ರೂಕಿ ವರ್ಷ, ಅಂದರೆ ಲೀಗಿನ ಮೊದಲ ವರ್ಷ, ಸ್ಪ್ರೋಲ್ಸ್‌ಗೆ ರನ್ನಿಂಗ್ ಬ್ಯಾಕ್ ಆಗಿ ಬಾಲ್ ಸಿಕ್ಕಿದ್ದು ಬೆರಳೆಣಿಕೆಯಷ್ಟು ಸಲ. ಆದರೆ ಬೇರೆ ಒಂದು ಕೆಲಸ ಮೊದಲ ದಿನದಿಂದ ಅವನದೇ ಆಗಿತ್ತು. ಎದುರು ತಂಡ ಒದ್ದ ಬಾಲನ್ನು ಹಿಡಿದು ವಾಪಸ್ ಓಡುವುದು. ಆ ವರ್ಷ 63 ಕಿಕ್‌ಆಫ್ (ಆಟ ಶುರುಮಾಡಲು ನೆಲದಿಂದ ಒದೆಯುವ ಬಾಲ್) ಹಿಡಿದು 1,528 ಯಾರ್ಡ್ ಓಡಿದ. ಮುಂದಿನ ವರ್ಷ ಕಾಲಿನ ಗಿಣ್ಣು ಮುರಿದು ಇಡೀ ಸೀಸನ್ ಹೋಯಿತು. ಆದರೂ ತಂಡ ಅವನನ್ನು ಬಿಡಲಿಲ್ಲ, ಯಾಕೆಂದರೆ ಅವನಿಗೆ ಅಂತ ಒಂದು ಕೆಲಸ ಇತ್ತು. 2007ರ ನವೆಂಬರ್‌ನಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ ಒಂದು ಕಿಕ್‌ಆಫ್, ಒಂದು ಪಂಟ್ (ಕೈಯಿಂದ ಬಿಟ್ಟು ಒದೆಯುವ ಬಾಲ್), ಎರಡನ್ನೂ ಟಚ್‌ಡೌನ್‌ವರೆಗೆ ಒಯ್ದ. 2009ರ ಜನವರಿಯಲ್ಲಿ ಅದೇ ಕೋಲ್ಟ್ಸ್ ವಿರುದ್ಧ ಪ್ಲೇಆಫ್ ಪಂದ್ಯ, ಓಟ, ಕ್ಯಾಚ್, ರಿಟರ್ನ್ ಎಲ್ಲಾ ಸೇರಿ 328 ಯಾರ್ಡ್, ಕೊನೆಗೆ ಓವರ್‌ಟೈಮಿನಲ್ಲಿ 22 ಯಾರ್ಡ್ ಓಡಿ ಪಂದ್ಯ ಮುಗಿಸಿದ್ದೂ ಅವನೇ. 2011ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ಗೆ ಹೋದ ಮೊದಲ ವರ್ಷವೇ ಒಟ್ಟು 2,696 ಯಾರ್ಡ್, ಒಂದು ಸೀಸನ್ನಿನ ದಾಖಲೆ. ಅದರಲ್ಲಿ 86 ಕ್ಯಾಚ್ ಇತ್ತು ಅನ್ನುವುದನ್ನು ಗಮನಿಸಿ. ಸೇಂಟ್ಸ್ ಅವನನ್ನು ಗುಂಪಿನೊಳಗೆ ನುಗ್ಗಿಸುವ ಬದಲು ಬಯಲಲ್ಲಿ ಬಿಟ್ಟು ಬಾಲ್ ಕೊಟ್ಟರು.

ಈಗ ವಾನ್ ಕಡೆ ನೋಡಿ. ಅವನು ಬಂದಾಗ ಕೌಬಾಯ್ಸ್‌ನಲ್ಲಿ ಆ ರಿಟರ್ನ್ ಕೆಲಸ ಖಾಲಿ ಇತ್ತಾ? ಇರಲಿಲ್ಲ. ಕವಾಂಟೆ ಟರ್ಪಿನ್ ಅಂತ ಒಬ್ಬ ಇದ್ದ, ಹಿಂದಿನ ವರ್ಷ ತಾನೇ ಲೀಗಿನ ಅತ್ಯುತ್ತಮ ಆಟಗಾರರ ಪ್ರೊ ಬೌಲ್‌ಗೆ ಆಯ್ಕೆಯಾದವನು. ತೂಕದಲ್ಲಿ ವಾನ್‌ಗಿಂತ ಸುಮಾರು ಹತ್ತು ಕಿಲೋ ಕಡಿಮೆ! ಅಂದರೆ ವಾನ್‌ಗೆ ಆ ಬಾಗಿಲು ಮುಚ್ಚಿದ್ದು ಯಾವನೋ ದೈತ್ಯ ಅಲ್ಲ, ಅವನಿಗಿಂತ ಸಣಕಲು ಆಳು. ಗಾತ್ರವೇ ಎಲ್ಲಾ ಅನ್ನುವವರು ಇದಕ್ಕೆ ಏನು ಹೇಳುತ್ತಾರೆ?

ನಾನು ಹೇಳುವುದು ಇಷ್ಟೇ. ಕುಳ್ಳ ರೂಕಿಗೆ ಮೊದಲ ವರ್ಷ ಮೈದಾನಕ್ಕೆ ಇಳಿಯಲು ಒಂದು ನೆಪ ಬೇಕು. ದೊಡ್ಡ ಮೈಯವನಿಗಾದರೆ ಕೋಚ್‌ಗಳು ಕಾಯುತ್ತಾರೆ, ಇವತ್ತಲ್ಲ ನಾಳೆ ಕಲಿಯುತ್ತಾನೆ ಅಂತ. ಸಣ್ಣವನಿಗೆ ಹಾಗೆ ಕಾಯುವುದಿಲ್ಲ. ಆ ನೆಪ ಸಿಗುತ್ತಾ ಇಲ್ಲವಾ ಅನ್ನುವುದು ಅವನ ಕೈಯಲ್ಲಿಲ್ಲ, ಅವನನ್ನು ಯಾವ ತಂಡ ಕರೆಯಿತು ಅನ್ನುವುದರ ಮೇಲಿದೆ.

ಹಾಗಂತ ಮೈಕಟ್ಟು ಲೆಕ್ಕಕ್ಕೇ ಇಲ್ಲ ಅಂತಲ್ಲ. ಇಲ್ಲಿ ಜನ ಎತ್ತರವನ್ನೂ ಗಾತ್ರವನ್ನೂ ಸೇರಿಸಿ ಒಂದೇ ಮಾಡಿಬಿಡುತ್ತಾರೆ, ಅದು ತಪ್ಪು. ಕುಳ್ಳಗಿದ್ದರೆ ಲಾಭವೂ ಇದೆ. ತನ್ನ ಮುಂದಿರುವ ಲೈನ್‌ಮನ್‌ಗಳ ಬೆನ್ನ ಹಿಂದೆ ಒಂದು ಕ್ಷಣ ಪೂರ್ತಿ ಕಾಣೆಯಾಗಬಹುದು, ಎದುರಿನವನಿಗೆ ಕಾಣಿಸುವಷ್ಟರಲ್ಲಿ ಪಕ್ಕದಲ್ಲಿ ಹಾದುಹೋಗಿರುತ್ತಾನೆ. ತೊಂದರೆ ಬರುವುದು ತೂಕ ಇಲ್ಲದಿದ್ದರೆ. ಅದು ಗೊತ್ತಾಗುವುದು ಬಾಲ್ ಕೈಯಲ್ಲಿದ್ದಾಗಲ್ಲ, ಇಲ್ಲದಾಗ. ಕ್ವಾರ್ಟರ್‌ಬ್ಯಾಕ್ ಎಸೆಯಲು ಹಿಂದೆ ಸರಿದಾಗ ಎದುರು ತಂಡದ ಲೈನ್‌ಬ್ಯಾಕರ್ ಒಬ್ಬ ಸೀದಾ ನುಗ್ಗಿ ಬರುತ್ತಾನೆ, ಅವನನ್ನು ತಡೆಯಬೇಕಾದವನು ರನ್ನಿಂಗ್ ಬ್ಯಾಕ್. ತಡೆಯಲಿಲ್ಲ ಅಂದರೆ ತಂಡದ ಅತ್ಯಂತ ದುಬಾರಿ ಆಳಾದ ಆ ಕ್ವಾರ್ಟರ್‌ಬ್ಯಾಕ್ ಆಸ್ಪತ್ರೆ ಸೇರಬಹುದು. ಯಾವ ಕೋಚ್ ಆ ರಿಸ್ಕ್ ತೆಗೆದುಕೊಳ್ಳುತ್ತಾನೆ?

ಜಾಗ್ವಾರ್ಸ್‌ನ ರನ್ನಿಂಗ್ ಬ್ಯಾಕ್ ಮಾರಿಸ್ ಜೋನ್ಸ್-ಡ್ರೂ ಹೀಗೆ ಬ್ಲಾಕ್ ಮಾಡಿದ್ದನ್ನು, ಅಂದರೆ ತಡೆದದ್ದನ್ನು, ಒಂದು ಸಲ ನೋಡಿ. 2007, ಜಾಗ್ವಾರ್ಸ್ ಮತ್ತು ಚಾರ್ಜರ್ಸ್ ಪಂದ್ಯ. ಚಾರ್ಜರ್ಸ್‌ನ ಲೈನ್‌ಬ್ಯಾಕರ್ ಶಾನ್ ಮೆರಿಮನ್ ನುಗ್ಗಿ ಬರುತ್ತಾನೆ, 6 ಅಡಿ 4 ಇಂಚು, ಆಗ ಅವನ ಹೆಸರು ಕೇಳಿದರೆ ಕ್ವಾರ್ಟರ್‌ಬ್ಯಾಕ್‌ಗಳು ಹೆದರುತ್ತಿದ್ದ ಕಾಲ. ಜೋನ್ಸ್-ಡ್ರೂ 5 ಅಡಿ 7 ಇಂಚು. ಕಾದು ನಿಲ್ಲುವುದಿಲ್ಲ, ಮೊಣಕಾಲು ಬಗ್ಗಿಸಿ, ಕೆಳಗಿಂದ ಮೇಲಕ್ಕೆ ಅವನ ಎದೆಗೇ ಭುಜ ಕೊಡುತ್ತಾನೆ. ಮೆರಿಮನ್ ಅಂಗಾತ ಬೀಳುತ್ತಾನೆ. ಅಲ್ಲಿ ಗೆದ್ದಿದ್ದು ಕೆಳಗಿದ್ದವನು. ಆದರೆ ಆ ಕುಳ್ಳ ಮೈಯಲ್ಲಿ 95 ಕಿಲೋ ಇತ್ತು ಅನ್ನುವುದನ್ನೂ ಮರೆಯಬಾರದು. ವಾನ್‌ಗಿಂತ ಎರಡೇ ಇಂಚು ಎತ್ತರ, ಹದಿನಾಲ್ಕು ಕಿಲೋ ಹೆಚ್ಚು. ಅದೇ ಜೋನ್ಸ್-ಡ್ರೂ 2006ರಲ್ಲಿ ರೂಕಿಯಾಗಿ ಬಂದಾಗ, 32 ತಂಡಗಳೂ ಮೊದಲ ಸುತ್ತಿನಲ್ಲಿ ತನ್ನನ್ನು ಬಿಟ್ಟವು ಅಂತ 32 ನಂಬರನ್ನೇ ಬೆನ್ನಿಗೆ ಹಾಕಿಕೊಂಡ. ಆ ವರ್ಷ 941 ಯಾರ್ಡ್. 2011ರಲ್ಲಿ 1,606 ಯಾರ್ಡ್ ಓಡಿ ಇಡೀ ಲೀಗಿಗೇ ಮೊದಲಿಗ.

ಬ್ಯಾರಿ ಸ್ಯಾಂಡರ್ಸ್ ಬಗ್ಗೆ ಹೇಳದೆ ಈ ವಿಷಯ ಬಿಡಲು ಮನಸ್ಸಾಗುವುದಿಲ್ಲ. 5 ಅಡಿ 8 ಇಂಚು, 1989ರಲ್ಲಿ ಡೆಟ್ರಾಯಿಟ್ ಲಯನ್ಸ್‌ಗೆ ಬಂದ. ರೂಕಿ ವರ್ಷ 1,470 ಯಾರ್ಡ್. ಆ ವರ್ಷ ಮೊದಲ ಸ್ಥಾನದಲ್ಲಿದ್ದ ಕ್ಯಾನ್ಸಸ್ ಸಿಟಿಯ ಕ್ರಿಶ್ಚಿಯನ್ ಒಕೋಯೆಗೆ 1,480. ಒಕೋಯೆ ಹತ್ತಿರ ಹತ್ತಿರ 118 ಕಿಲೋ ತೂಗುವ ಆನೆಯಂಥ ಮನುಷ್ಯ. ಕೊನೆಯ ಪಂದ್ಯದಲ್ಲಿ ಕೋಚ್ ಸ್ಯಾಂಡರ್ಸ್‌ನನ್ನು ಕೇಳಿದರು, ಇನ್ನು ಹತ್ತೇ ಯಾರ್ಡ್, ಒಳಗೆ ಹೋಗ್ತೀಯಾ ಅಂತ. ತಂಡ ಆಗಲೇ ಗೆಲ್ಲುವ ಸ್ಥಿತಿಯಲ್ಲಿತ್ತು. ಬೇಡ ಅಂದ. ಇಪ್ಪತ್ತೊಂದು ವರ್ಷದ ಹುಡುಗ! ಈ ಕಥೆಯನ್ನು ಮಗನಿಗೆ ಹೇಳಿದಾಗ ಅವನು ತುಂಬಾ ಹೊತ್ತು ಸುಮ್ನೆ ಕೂತಿದ್ದ.

ಹಳೇ ಕಾಲದ ಮಾತು ಅನ್ನಬೇಡಿ. 2023ರಲ್ಲಿ, ವಾನ್ ಬಂದ ವರ್ಷವೇ, ಮಯಾಮಿ ಡಾಲ್ಫಿನ್ಸ್‌ಗೆ ಬಂದ ಡೆವಾನ್ ಏಚೇನ್ ಕೂಡ ಸಣ್ಣವನೇ, 85 ಕಿಲೋ. ಅವನಿಗೆ ಸಿಕ್ಕ ತಂಡ ನೋಡಿ, ಎಲ್ಲರೂ ಓಟಗಾರರು, ಇಡೀ ಆಟವೇ ವೇಗದ ಮೇಲೆ ಕಟ್ಟಿದ್ದು. 103 ಸಲ ಬಾಲ್ ತೆಗೆದುಕೊಂಡು 800 ಯಾರ್ಡ್. ಮರುವರ್ಷ ಟ್ಯಾಂಪಾ ಬೇಯ ಬಕಿ ಅರ್ವಿಂಗ್, ನಾಲ್ಕನೇ ಸುತ್ತಿನವನು, ರೂಕಿಯಾಗಿ 1,122 ಯಾರ್ಡ್. ಇವರಿಬ್ಬರೂ 5 ಅಡಿ 9 ಇಂಚು, ವಾನ್‌ನಷ್ಟು ಕುಳ್ಳರಲ್ಲ, ಒಪ್ಪುತ್ತೇನೆ. ಆದರೆ ಡ್ರಾಫ್ಟ್ ಸಮಯದಲ್ಲಿ ಇವರ ಮೈಕಟ್ಟಿನ ಬಗ್ಗೆಯೂ ಅದೇ ಅನುಮಾನದ ಮಾತು ಕೇಳಿಬಂದಿತ್ತು.

ವಾನ್‌ಗೆ ಬೇರೆ ತಂಡ ಸಿಕ್ಕಿದ್ದರೆ ಸ್ಪ್ರೋಲ್ಸ್ ಆಗುತ್ತಿದ್ದನಾ? ಅಷ್ಟು ದೊಡ್ಡ ಮಾತು ನಾನು ಹೇಳಲಾರೆ. ಸ್ಪ್ರೋಲ್ಸ್ ಕಾಲುಗಳಲ್ಲಿದ್ದ ಸಿಡಿತ ಬೇರೆಯೇ. ಆದರೆ 40 ಸಲ ಬಾಲ್ ಕೊಟ್ಟು ಒಬ್ಬ ಹುಡುಗನ ಅಳತೆ ಮುಗಿಯಿತು ಅನ್ನುವುದು ನನಗೆ ನೋವು ಕೊಡುತ್ತದೆ.

ಕಳೆದ ತಿಂಗಳು ಮಗನ ಕೋಚ್ ಹೇಳಿದರು, ಇವನು ಮುಂದೆ ಟ್ಯಾಕಲ್ ಫುಟ್‌ಬಾಲ್ ಆಡುವುದಾದರೆ ಕಷ್ಟ, ಸೈಜ್ ಸಾಲದು ಅಂತ. ಮಗ ಪಕ್ಕದಲ್ಲೇ ನಿಂತಿದ್ದ. ಕಾರಿನಲ್ಲಿ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದ ಮೇಲೆ ಇಬ್ಬರೂ ಕೂತು ಸ್ಪ್ರೋಲ್ಸ್‌ನ ರಿಟರ್ನ್‌ಗಳನ್ನು ಒಂದೊಂದಾಗಿ ನೋಡಿದೆವು.

ಅವತ್ತಿನಿಂದ ಸಂಜೆ ಪಾರ್ಕಿಗೆ ಹೋಗುತ್ತೇವೆ. ನನಗೆ ಪಂಟ್ ಒದೆಯಲು ಬರುವುದಿಲ್ಲ, ಕೈಯಲ್ಲೇ ಸಾಧ್ಯವಾದಷ್ಟು ಮೇಲಕ್ಕೆ ಎಸೆಯುತ್ತೇನೆ. ಬಾಲಿನ ಚೂಪು ತುದಿ ಯಾವ ಕಡೆ ತಿರುಗುತ್ತೆ ನೋಡಬೇಕು, ಮೊಣಕೈ ಪಕ್ಕೆಗೆ ಒತ್ತಿ ಎದೆಯ ಮುಂದೆ ತೊಟ್ಟಿಲ ಥರ ಹಿಡಿಯಬೇಕು. ಮೊದಲ ದಿನ ಹತ್ತರಲ್ಲಿ ಮೂರು ಹಿಡಿದ. ನಿನ್ನೆ ಎಂಟು. ಒಂಬತ್ತನೆಯದು ಹೆಬ್ಬೆರಳಿಗೆ ಬಡಿದು ಉಗುರು ಕಪ್ಪಾಯಿತು. ಐಸ್ ಇಟ್ಟುಕೊಂಡು ಕೂತವನು, ಬೆಳಕು ಇನ್ನೂ ಇದೆ ಅಪ್ಪಾ, ಒಂದೇ ಒಂದು ಅಂದ. ನಾನು ಎಸೆದೆ.